ಇಂಗ್ಲಿಷಿನ 'ಟೆಲ್' ಎಲ್ಲಿ ಕೆಡುತ್ತದೆ? ದೋಷ ಹುಡುಕುವುದು ಹೇಗೆ, ಸರಿ ಮಾಡುವುದು ಹೇಗೆ

ಮೊದಲು ಕೆಟ್ಟ ವಾಕ್ಯವನ್ನೇ ಮುಂದಿಡುತ್ತೇನೆ.

'ಕಸ್ಟಮರ್ ಟೋಲ್ಡ್ ಐ ವಿಲ್ ಸೆಂಡ್ ದ ನ್ಯೂ ಡ್ರಾಯಿಂಗ್.'

ಇದನ್ನು ಬರೆದವನು ನಾನೇ. ಆಗ ಪೀಣ್ಯದ ಒಂದು ಮಷಿನ್ ಶಾಪಿನಲ್ಲಿ ಕೆಲಸಕ್ಕೆ ಸೇರಿ ವರ್ಷವೂ ತುಂಬಿರಲಿಲ್ಲ. ಪುಣೆಯ ಕಸ್ಟಮರ್ ಫೋನ್ ಮಾಡಿದರು. ಬುಷ್‌ನ (ನಡುವೆ ತೂತಿರುವ, ಕೊಳವೆಯಂಥ ಚಿಕ್ಕ ಭಾಗ) ಅಳತೆ ಬದಲಾಗಿದೆ, ಹೊಸ ಡ್ರಾಯಿಂಗ್ ನಾನೇ ಕಳಿಸುತ್ತೇನೆ ಅಂದರು. ಅದನ್ನೇ ನಾನು ಪ್ಲಾನಿಂಗ್ ನೋಡಿಕೊಳ್ಳುತ್ತಿದ್ದವರಿಗೆ ಮೇಲ್ ಮಾಡಿದೆ. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಅವರು ಓದಿಕೊಂಡದ್ದೇ ಬೇರೆ. ಕಳಿಸುವವನು ನಾನು, ಅಂದರೆ ಡ್ರಾಯಿಂಗ್ ನಮ್ಮ ಹತ್ತಿರವೇ ಇದೆ, ಕಸ್ಟಮರ್‌ಗೆ ಒಂದು ಕಾಪಿ ಬೇಕಂತೆ ಅಂದುಕೊಂಡರು. ತಮ್ಮ ಮೇಜಿನ ಮೇಲಿದ್ದದ್ದೇ ಹೊಸದು ಅಂತಲೂ ತಿಳಿದರು. ಕೆಲಸ ನಿಲ್ಲಿಸಲು ಕಾರಣವೇ ಇರಲಿಲ್ಲ. ರಾತ್ರಿ ಶಿಫ್ಟಿನಲ್ಲಿ ಹಳೆ ಡ್ರಾಯಿಂಗ್ ಮೇಲೆಯೇ ಲೇತ್ ಓಡಿತು. ಬೆಳಗಾಗುವಷ್ಟರಲ್ಲಿ 140 ಬುಷ್‌ಗಳಿಗೆ 25 ಮಿ.ಮೀ. ಬೋರ್, ಅಂದರೆ ಒಳಗಿನ ತೂತು, ಆಗಿತ್ತು. ಮಧ್ಯಾಹ್ನ ಪುಣೆಯಿಂದ ಹೊಸ ಡ್ರಾಯಿಂಗ್ ಬಂತು. ಅದರಲ್ಲಿ 24 ಇತ್ತು. ಚಿಕ್ಕ ಬೋರನ್ನು ದೊಡ್ಡದು ಮಾಡಬಹುದು, ದೊಡ್ಡದಾದದ್ದನ್ನು ಚಿಕ್ಕದು ಮಾಡೋಕಾಗುತ್ತಾ? ಅಷ್ಟೂ ಸ್ಕ್ರ್ಯಾಪ್‌ಗೆ ಹೋಯಿತು.

ನನ್ನ ಇಂಗ್ಲಿಷ್ ಅಷ್ಟೇನೂ ಕೆಟ್ಟದಾಗಿರಲಿಲ್ಲ. ಆ ವಾಕ್ಯದಲ್ಲಿ ಕಷ್ಟದ ಪದ ಒಂದೂ ಇಲ್ಲ. ಕೆಟ್ಟದ್ದು ಒಂದೇ ಜಾಗದಲ್ಲಿ, 'ಟೋಲ್ಡ್' ಅನ್ನುವ ಜಾಯಿಂಟ್‌ನಲ್ಲಿ. ಆಮೇಲಿನ ವರ್ಷಗಳಲ್ಲಿ ನನ್ನ ಮೇಲ್‌ಗಳನ್ನು, ಜೊತೆಗೆ ಕೆಲಸ ಮಾಡುವ ಹುಡುಗರ ಮೇಲ್‌ಗಳನ್ನು ನೋಡುತ್ತಾ ಬಂದಿದ್ದೇನೆ. ಕನ್ನಡ ಮನೆಮಾತಿನವರು ಬರೆಯುವ 'ಟೆಲ್' ಹೆಚ್ಚುಕಮ್ಮಿ ಅದೇ ಕೆಲವು ಜಾಗಗಳಲ್ಲಿ ಕೆಡುತ್ತದೆ. ಜಾಗ ಗೊತ್ತಿದ್ದರೆ ರಿಪೇರಿ ಎರಡು ನಿಮಿಷದ ಕೆಲಸ. ಮಷಿನ್ ಕೆಟ್ಟಾಗ ಒಂದೊಂದೇ ಭಾಗ ಪರೀಕ್ಷೆ ಮಾಡುತ್ತೇವೆ ಅಲ್ವಾ? ಇಲ್ಲೂ ಹಾಗೇ ಮಾಡೋಣ.

ಮೂಲ ಕಾರಣ: ನಮ್ಮ 'ಹೇಳು'

ನಮ್ಮ 'ಹೇಳು' ತುಂಬ ದುಡಿಯುವ ಪದ. ಕಥೆ ಹೇಳುತ್ತೇವೆ, ಸುಳ್ಳು ಹೇಳುತ್ತೇವೆ, ಮಗ್ಗಿ ಹೇಳುತ್ತೇವೆ, ಹಾಡು ಹೇಳುತ್ತೇವೆ, ಬುದ್ಧಿ ಹೇಳುತ್ತೇವೆ, ಪಾಠ ಹೇಳಿಕೊಡುತ್ತೇವೆ. ಹೋಟೆಲಿನಲ್ಲಿ ಕೂತು ಎರಡು ಕಾಫಿ ಹೇಳುತ್ತೇವೆ. ಊರಿನಿಂದ ಯಾರನ್ನೋ ಕರೆಸಬೇಕಾದರೆ ಹೇಳಿ ಕಳಿಸುತ್ತೇವೆ. ಹಳಗನ್ನಡದಲ್ಲಿ ಇದು 'ಪೇಳ್' ಆಗಿತ್ತು, 'ಪಾಲ್' ಹಾಲಾದಂತೆ 'ಪೇಳ್' ಹೇಳು ಆಯಿತು. ಆಗಲೂ ಇದರ ಕೆಲಸ ಕಡಿಮೆಯಿರಲಿಲ್ಲ. ಕಾವ್ಯ ರಚಿಸುವುದಕ್ಕೂ ಕವಿಗಳು 'ಪೇಳ್' ಅಂತಲೇ ಅನ್ನುತ್ತಿದ್ದರು.

ಇಂಗ್ಲಿಷ್ ಈ ಕೆಲಸವನ್ನು ಹಲವು ಪದಗಳಿಗೆ ಹಂಚಿದೆ. ಕಥೆಗೆ ಟೆಲ್, ಮಗ್ಗಿಗೆ ಸೇ, ಹಾಡಿಗೆ ಸಿಂಗ್, ಬುದ್ಧಿಗೆ ಅಡ್ವೈಸ್, ಪಾಠಕ್ಕೆ ಟೀಚ್, ಕಾಫಿಗೆ ಆರ್ಡರ್. ನಮ್ಮದು ಎಲ್ಲ ನಟ್‌ಗೂ ಹೊಂದುವ ಅಡ್ಜಸ್ಟಬಲ್ ಸ್ಪ್ಯಾನರ್. ಅವರದು ಸೈಜಿಗೊಂದು ಸ್ಪ್ಯಾನರ್ ಇರುವ ಸೆಟ್. ನಾವು ಆ ಸೆಟ್‌ನಿಂದ 'ಟೆಲ್' ಒಂದನ್ನೇ ಎತ್ತಿಕೊಂಡು ಎಲ್ಲಕ್ಕೂ ಹಾಕುತ್ತೇವೆ. ಕೆಲವು ಕಡೆ ಕೂರುತ್ತದೆ, ಕೆಲವು ಕಡೆ ಜಾರುತ್ತದೆ.

ಮೊದಲ ಪರೀಕ್ಷೆ: ಯಾರಿಗೆ?

ದೋಷಗಳಲ್ಲಿ ಮುಕ್ಕಾಲು ಪಾಲು ಇಲ್ಲೇ ಸಿಗುತ್ತದೆ ಅಂತ ನನ್ನ ಅನುಭವ. ಹಾಗಾಗಿ ಇದನ್ನು ಮೊದಲು ಮಾಡಿ. ನಿಮ್ಮ ಸೆಂಟ್ ಫೋಲ್ಡರ್ ತೆರೆಯಿರಿ. ಸರ್ಚ್‌ನಲ್ಲಿ 'ಟೋಲ್ಡ್' ಅಂತ ಇಂಗ್ಲಿಷಿನಲ್ಲಿ ಹಾಕಿ. ಪ್ರತಿಯೊಂದರಲ್ಲೂ ಅದರ ಪಕ್ಕದ ಪದ ಮಾತ್ರ ನೋಡಿ. ಅಲ್ಲಿ ಕೇಳಿಸಿಕೊಂಡವರು ಇದ್ದಾರಾ? ಮಿ, ಹಿಮ್, ಹರ್, ಅಸ್, ದೆಮ್, ಅಥವಾ ಒಬ್ಬರ ಹೆಸರು, 'ದ ಡ್ರೈವರ್', 'ದ ಕಸ್ಟಮರ್' ಇಂಥದ್ದು ಏನಾದರೂ?

'ಟೆಲ್' ಅನ್ನುವ ಪದಕ್ಕೆ ಕೇಳುವವರು ಬೇಕೇ ಬೇಕು. ಅದೂ ಮೈಗೆ ಅಂಟಿಕೊಂಡು ನಿಂತಿರಬೇಕು. 'ಹಿ ಟೋಲ್ಡ್ ಮಿ ದಟ್ ದ ಪಾರ್ಟ್ ಈಸ್ ರೆಡಿ' ಸರಿ. 'ಹಿ ಟೋಲ್ಡ್ ದಟ್ ದ ಪಾರ್ಟ್ ಈಸ್ ರೆಡಿ' ಕೆಟ್ಟದ್ದು. ನಮಗೆ ಇದು ಯಾಕೆ ತಪ್ಪು ಅನ್ನಿಸುವುದೇ ಇಲ್ಲ ಅಂದರೆ, ಕನ್ನಡದಲ್ಲಿ ಯಾರಿಗೆ ಅನ್ನುವುದನ್ನು ಬಿಟ್ಟರೂ ನಡೆಯುತ್ತದೆ. 'ಪಾರ್ಟ್ ರೆಡಿ ಇದೆ ಅಂತ ಹೇಳಿದ್ರು.' ಹೇಳಿದ್ದು ನನಗೇ ತಾನೇ, ಮತ್ತೆ ಯಾಕೆ ಹೇಳಬೇಕು? ಸನ್ನಿವೇಶವೇ ಅದನ್ನು ತುಂಬಿಕೊಡುತ್ತದೆ. ಇಂಗ್ಲಿಷಿನಲ್ಲಿ ಆ ಜಾಗ ಖಾಲಿ ಬಿಡುವ ಹಾಗಿಲ್ಲ.

ಖಾಲಿ ಸಿಕ್ಕರೆ ರಿಪೇರಿ ಎರಡು ಥರ. ಕೇಳಿದವರನ್ನು ಸೇರಿಸಿ: 'ಹಿ ಟೋಲ್ಡ್ ಮಿ ದಟ್'. ಇಲ್ಲವೇ ಪದ ಬದಲಾಯಿಸಿ: 'ಹಿ ಸೆಡ್ ದಟ್'. 'ಸೇ' ಕೇಳುವವರನ್ನು ಬೇಡುವುದಿಲ್ಲ, ಆಡಿದ ಮಾತು ಸಿಕ್ಕರೆ ಅದಕ್ಕೆ ಸಾಕು. ಎರಡರಲ್ಲಿ ಯಾವುದು? ಯಾರಿಗೆ ಹೇಳಿದರು ಅನ್ನುವುದು ನಾಳೆ ಮುಖ್ಯ ಆಗಬಹುದಾದರೆ ಮೊದಲನೆಯದು. ಕೆಲಸದ ಮೇಲ್‌ಗಳಲ್ಲಿ ನಾನು ಯಾವಾಗಲೂ ಅದನ್ನೇ ಆರಿಸುತ್ತೇನೆ. ಮೂರು ತಿಂಗಳಾದ ಮೇಲೆ 'ಈ ಮಾತು ಯಾರ ಹತ್ತಿರ ಆಗಿತ್ತು?' ಅಂತ ಕೇಳಿದಾಗ ಆ ಒಂದು 'ಮಿ' ನಿಮ್ಮನ್ನು ಕಾಪಾಡುತ್ತದೆ.

ಸರ್ಚ್ ಮಾಡುವಾಗ ಒಂದು ಎಚ್ಚರ. 'ಟೋಲ್ಡ್ ದಟ್' ಎಲ್ಲ ಕಡೆಯೂ ತಪ್ಪಲ್ಲ. 'ಐ ವಾಸ್ ಟೋಲ್ಡ್ ದಟ್' ಪೂರ್ತಿ ಸರಿ. ಅಲ್ಲಿ ಕೇಳಿದವನು 'ಐ', ಅವನು ಮುಂದೆ ಬಂದು ನಿಂತಿದ್ದಾನೆ ಅಷ್ಟೇ. ಯಾರು ಹೇಳಿದರು ಅಂತ ಹೆಸರೆತ್ತಲು ಇಷ್ಟವಿಲ್ಲದಾಗ ಇದು ಬಹಳ ಉಪಯೋಗದ ವಾಕ್ಯ. ಆದರೆ 'ಇಟ್ ವಾಸ್ ಟೋಲ್ಡ್ ದಟ್' ಅಂತ ಬರೆದಿದ್ದರೆ ಕೆಟ್ಟಿದೆ. ನಮ್ಮ 'ಹೇಳಲಾಗಿದೆ', 'ಹೇಳುತ್ತಾರೆ' ಅನ್ನುವುದಕ್ಕೆ 'ಇಟ್ ಈಸ್ ಸೆಡ್ ದಟ್' ಹಾಕಬೇಕು. ಹಾಗೆಯೇ 'ಐ ವಾಸ್ ಸೆಡ್' ಅನ್ನುವುದು ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ.

ಮಧ್ಯೆ 'ಟು' ಸಿಕ್ಕಿಕೊಂಡಿದ್ದರೆ

ಕೇಳಿದವರು ಇದ್ದಾರೆ, ಆದರೂ ವಾಕ್ಯ ಕಿರಿಕಿರಿ ಅನ್ನಿಸುತ್ತದೆ. ಆಗ 'ಟೋಲ್ಡ್' ಮತ್ತು 'ಮಿ' ನಡುವೆ ನೋಡಿ. 'ಹಿ ಟೋಲ್ಡ್ ಟು ಮಿ.' ಈ 'ಟು' ಎಲ್ಲಿಂದ ಬಂತು ಅಂತ ನಮಗೆ ಗೊತ್ತು: 'ನನಗೆ ಹೇಳಿದ.' ಆ 'ಗೆ' ಪ್ರತ್ಯಯವೇ 'ಟು' ಆಗಿ ಹೊಕ್ಕಿದೆ. ತೆಗೆದುಹಾಕಿ. 'ಟೆಲ್' ಪಕ್ಕದಲ್ಲಿ ಮನುಷ್ಯ ಬಂದರೆ 'ಟು' ಬೇಡ.

ತಮಾಷೆ ಏನೆಂದರೆ 'ಸೇ' ಪಕ್ಕದಲ್ಲಿ ಅದೇ 'ಟು' ಬೇಕೇ ಬೇಕು. 'ಹಿ ಸೆಡ್ ಮಿ' ತಪ್ಪು, 'ಹಿ ಸೆಡ್ ಟು ಮಿ' ಸರಿ. ಎಕ್ಸ್‌ಪ್ಲೇನ್, ಸಜೆಸ್ಟ್, ಡಿಸ್ಕ್ರೈಬ್ ಕೂಡ 'ಸೇ' ಕಡೆಯವು. 'ಪ್ಲೀಸ್ ಎಕ್ಸ್‌ಪ್ಲೇನ್ ಮಿ' ಅಂತ ನಾವು ದಿನಕ್ಕೆ ಹತ್ತು ಸಲ ಬರೆಯುತ್ತೇವೆ, 'ಎಕ್ಸ್‌ಪ್ಲೇನ್ ಟು ಮಿ' ಆಗಬೇಕು. ಒಂದು ಗುರುತು ಹೇಳುತ್ತೇನೆ. ಇಂಗ್ಲಿಷಿನ ಹಳೆಯ, ಚಿಕ್ಕ, ಮನೆಯೊಳಗಿನ ಪದಗಳಾದ ಟೆಲ್, ಗಿವ್, ಶೋ, ಟೀಚ್ ಇವು ಮನುಷ್ಯನನ್ನು ನೇರವಾಗಿ ಪಕ್ಕಕ್ಕೆ ಕೂರಿಸಿಕೊಳ್ಳುತ್ತವೆ. ಲ್ಯಾಟಿನ್, ಫ್ರೆಂಚ್ ಮೂಲದಿಂದ ಬಂದ ಉದ್ದ ಪದಗಳು ಸಾಮಾನ್ಯವಾಗಿ 'ಟು' ಕೇಳುತ್ತವೆ. ಇದು ಕಟ್ಟುನಿಟ್ಟಿನ ನಿಯಮ ಅಲ್ಲ, 'ಸೇ' ಸ್ವತಃ ಮನೆಯ ಪದವೇ ಆಗಿದ್ದೂ 'ಟು' ಕೇಳುತ್ತದೆ. ಆದರೂ ಅನುಮಾನ ಬಂದಾಗ ಈ ಗುರುತು ಕೈ ಹಿಡಿಯುತ್ತದೆ.

ಇನ್ನೊಂದು 'ಟು' ಇದೆ, ಅದನ್ನು ತೆಗೆಯಬೇಡಿ. 'ಐ ಟೋಲ್ಡ್ ಹಿಮ್ ಟು ವೇಟ್.' ಇಲ್ಲಿ 'ಟು' ನಂತರ ಬಂದಿರುವುದು ಮನುಷ್ಯನಲ್ಲ, ಕೆಲಸ. ನಮ್ಮ 'ಕಾಯೋಕೆ ಹೇಳಿದೆ' ಅನ್ನುವುದರ 'ಓಕೆ' ಇದು. ಆದ್ದರಿಂದ 'ಟೋಲ್ಡ್ ಟು' ಕಂಡ ಕೂಡಲೇ ಅಳಿಸಬೇಡಿ. 'ಟು' ಆದ ಮೇಲೆ ಮನುಷ್ಯ ಇದ್ದರೆ ಅಳಿಸಿ. ಕೆಲಸ ಇದ್ದರೆ, 'ಟೋಲ್ಡ್' ಮತ್ತು 'ಟು' ನಡುವೆ ಮನುಷ್ಯ ಬಿಟ್ಟುಹೋಗಿದ್ದಾನಾ ನೋಡಿ. 'ಸರ್ ಟೋಲ್ಡ್ ಟು ವೇಟ್' ನಮ್ಮ ಆಫೀಸುಗಳಲ್ಲಿ ಅತಿ ಜಾಸ್ತಿ ಕೇಳುವ ವಾಕ್ಯ. 'ಸರ್ ಟೋಲ್ಡ್ ಮಿ ಟು ವೇಟ್' ಅಥವಾ 'ಟೋಲ್ಡ್ ಅಸ್ ಟು ವೇಟ್' ಅಂದರೆ ಆಯಿತು. ಯಾರು ಕಾಯಬೇಕು ಅನ್ನುವುದೂ ಆಗಲೇ ಸ್ಪಷ್ಟವಾಗುತ್ತದೆ.

ಸಾರಿ, ಥ್ಯಾಂಕ್ಸ್, ಹಾಯ್

'ಅಂಕಲ್‌ಗೆ ಥ್ಯಾಂಕ್ಸ್ ಹೇಳು ಪುಟ್ಟ' ಅನ್ನುವುದು ಎಷ್ಟು ಚೆಂದದ ಮಾತು. ಅದೇ ಮನೆಯಲ್ಲಿ ಇಂಗ್ಲಿಷ್ ಆದಾಗ 'ಟೆಲ್ ಥ್ಯಾಂಕ್ಸ್ ಟು ಅಂಕಲ್' ಆಗುತ್ತದೆ. 'ಟೆಲ್ ಸಾರಿ', 'ಟೆಲ್ ಬಾಯ್', 'ಟೆಲ್ ಹಾಯ್' ಎಲ್ಲವೂ ಇದೇ ಕುಟುಂಬ. ಬಾಯಿಂದ ಹೊರಡುವ ಪದವನ್ನೇ, ಇದ್ದದ್ದು ಇದ್ದ ಹಾಗೆ, ಆಡಿಸಬೇಕಾದಾಗ 'ಸೇ' ಬೇಕು. ಸೇ ಸಾರಿ, ಸೇ ಥ್ಯಾಂಕ್ಸ್, ಸೇ ಯೆಸ್, ಸೇ ನೋ. ಪ್ರಾರ್ಥನೆಯೂ 'ಸೇ'. ಮಗ್ಗಿಯೂ 'ಸೇ'. 'ಹಿ ಸೆಡ್, ವೇಟ್ ಹಿಯರ್' ಅಂತ ಆಡಿದ ಮಾತನ್ನೇ ಇಡುವಾಗಲೂ ಹೆಚ್ಚಾಗಿ 'ಸೇ'ಯೇ. ಗೋಡೆಯ ಬೋರ್ಡು, ನೋಟಿಸು, ಗಡಿಯಾರ ಇವುಗಳಿಗೂ 'ಸೇ'. 'ದ ಬೋರ್ಡ್ ಸೇಸ್ ನೋ ಪಾರ್ಕಿಂಗ್.'

ಮನೆಯಲ್ಲಿ ಮಕ್ಕಳು ಹೀಗೆ ಹೇಳಿದರೆ ಎಲ್ಲರೆದುರು ತಿದ್ದಬೇಡಿ. ನೀವು 'ಸೇ ಥ್ಯಾಂಕ್ಸ್' ಅಂತ ಹೇಳುತ್ತಾ ಹೋದರೆ ಸಾಕು, ಎರಡು ವಾರದಲ್ಲಿ ಅವರ ಬಾಯಲ್ಲೂ ಅದೇ ಬರುತ್ತದೆ. ನನ್ನ ತಂಗಿಯ ಮಗಳ ವಿಷಯದಲ್ಲಿ ನೋಡಿದ್ದೇನೆ.

ಕೇಳುವವರಿಲ್ಲದೆಯೂ ಸರಿಯಾಗಿರುವ 'ಟೆಲ್'

ಮೊದಲ ಪರೀಕ್ಷೆಯಲ್ಲಿ ಫೇಲ್ ಆದ ಎಲ್ಲವೂ ಕೆಟ್ಟದ್ದಲ್ಲ. 'ಟೆಲ್ ಎ ಸ್ಟೋರಿ', 'ಟೆಲ್ ಎ ಲೈ', 'ಟೆಲ್ ದ ಟ್ರೂತ್', 'ಟೆಲ್ ಎ ಜೋಕ್', 'ಟೆಲ್ ದ ಟೈಮ್', 'ಟೆಲ್ ದ ಡಿಫರೆನ್ಸ್'. ಇಲ್ಲಿ ಯಾರಿಗೆ ಅನ್ನುವುದೇ ಇಲ್ಲ, ಆದರೂ ಸರಿ. ಇವನ್ನು 'ಸೇ' ಮಾಡಿದರೇ ತಪ್ಪು. 'ಹಿ ಸೆಡ್ ಎ ಲೈ' ಅಂತ ಯಾರೂ ಅನ್ನುವುದಿಲ್ಲ.

ಇವನ್ನು ಬಾಯಿಪಾಠ ಮಾಡಿದರೂ ಆಗುತ್ತದೆ. ಆದರೆ ಪದದ ಹಿಂದಿನ ಕಥೆ ಗೊತ್ತಾದ ಮೇಲೆ ನನಗೆ ಬಾಯಿಪಾಠ ಬೇಕಾಗಲಿಲ್ಲ. 'ಟೆಲ್' ಅನ್ನುವುದರ ಹಳೆಯ ರೂಪ ಹಳೆ ಇಂಗ್ಲಿಷಿನ 'ಟೆಲ್ಲನ್'. ಅದಕ್ಕೆ ಹೇಳು ಅನ್ನುವುದರ ಜೊತೆಗೆ ಎಣಿಸು, ಲೆಕ್ಕ ಹಾಕು ಅನ್ನುವ ಅರ್ಥವೂ ಇತ್ತು. ಡಚ್ ಭಾಷೆಯಲ್ಲಿ 'ಟೆಲ್ಲನ್' ಅಂದರೆ ಇವತ್ತಿಗೂ ಎಣಿಸು. ಜರ್ಮನ್‌ನಲ್ಲಿ 'ತ್ಸೇಲನ್' ಅಂದರೆ ಎಣಿಸು, 'ಎರ್‌ತ್ಸೇಲನ್' ಅಂದರೆ ಕಥೆ ಹೇಳು. ಕಥೆ ಅನ್ನುವ ಅರ್ಥದ 'ಟೇಲ್' ಕೂಡ ಇದೇ ಬೇರಿನದು. ಒಂದಾದ ಮೇಲೆ ಒಂದು ಘಟನೆಯನ್ನು ಎಣಿಸುತ್ತಾ ಹೋಗುವುದೇ ಕಥೆ ಹೇಳುವುದು.

ನಂಬಿಕೆ ಬರದಿದ್ದರೆ ಎಟಿಎಂ ನೋಡಿ. ಅದರ 'ಟಿ' ಅಂದರೆ ಟೆಲ್ಲರ್. ಆಟೊಮೇಟೆಡ್ ಟೆಲ್ಲರ್ ಮಷಿನ್. ಯಾರಿಗೂ ಏನೂ ಹೇಳುವ ಯಂತ್ರವಲ್ಲ ಅದು, ದುಡ್ಡು ಎಣಿಸಿ ಕೊಡುವ ಯಂತ್ರ. ಬ್ಯಾಂಕಿನ ಕೌಂಟರ್‌ನಲ್ಲಿ ಹಣ ಎಣಿಸುವವರಿಗೆ ಟೆಲ್ಲರ್ ಅನ್ನುವುದು ಅದಕ್ಕೇ. ಬ್ರಿಟನ್ನಿನ ಸಂಸತ್ತಿನಲ್ಲಿ ಮತ ಎಣಿಸುವ ಸದಸ್ಯರಿಗೂ ಟೆಲ್ಲರ್ ಅನ್ನುತ್ತಾರೆ. 'ಆಲ್ ಟೋಲ್ಡ್' ಅಂದರೆ ಒಟ್ಟು ಎಣಿಸಿದರೆ. 'ಅನ್‌ಟೋಲ್ಡ್ ವೆಲ್ತ್' ಅಂದರೆ ಎಣಿಸಲಾಗದಷ್ಟು ಸಂಪತ್ತು. ಜಪಮಣಿ ಎಣಿಸುವುದಕ್ಕೂ ಇಂಗ್ಲಿಷಿನಲ್ಲಿ 'ಟೆಲ್ ಬೀಡ್ಸ್' ಅನ್ನುವ ಹಳೆಯ ಮಾತಿದೆ. ನಮ್ಮಜ್ಜಿ ಸಂಜೆ ಹೊತ್ತು ಜಗಲಿಯಲ್ಲಿ ಕೂತು ತುಳಸಿ ಮಣಿ ಸರಿಸುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು, ಬೆರಳು ಎಣಿಸುತ್ತಿತ್ತು. ಹೇಳುವುದು, ಎಣಿಸುವುದು ಎರಡೂ ಒಂದೇ ಕೈಯಲ್ಲಿ ನಡೆಯುತ್ತಿತ್ತು. ಆ ಪದದ ಎರಡು ಅರ್ಥ ನನಗೆ ಮರೆಯದಂತೆ ಕೂತದ್ದು ಅವಳ ಆ ಕೈ ನೆನಪಾದಾಗ.

ಈಗ 'ಟೆಲ್ ದ ಟೈಮ್' ನೋಡಿ. ಮುಳ್ಳು ನೋಡಿ ಲೆಕ್ಕ ಹಾಕುವುದು. 'ಟೆಲ್ ದ ಡಿಫರೆನ್ಸ್' ಅಂದರೆ ಎರಡನ್ನು ಅಳೆದು ನೋಡಿ ವ್ಯತ್ಯಾಸ ಗುರುತಿಸುವುದು. ಇವು ಆ ಹಳೆ ಅರ್ಥದ ಹತ್ತಿರದವು. ಹೀಗಾಗಿ ಕೇಳುವವರ ಗೊಡವೆ ಇಲ್ಲ. ನಮ್ಮ 'ಎಣಿಸು' ಕೂಡ ಲೆಕ್ಕ ಮಾಡುವುದಕ್ಕೂ ಆಗುತ್ತದೆ, ಯೋಚಿಸುವುದಕ್ಕೂ ಆಗುತ್ತದೆ. 'ನಾನು ಹೀಗೆ ಎಣಿಸಿರಲಿಲ್ಲ' ಅಂತ ಕರಾವಳಿಯಲ್ಲಿ ಈಗಲೂ ಅನ್ನುತ್ತಾರೆ.

ಇದೇ ಸಾಲಿನ ಒಂದು ದೋಷ ಓದುವಾಗ ಬರುತ್ತದೆ. 'ಐ ಕಾಂಟ್ ಟೆಲ್' ಅಂತ ಯಾರಾದರೂ ಬರೆದರೆ, ಹೇಳಲು ಇಷ್ಟವಿಲ್ಲ, ಏನೋ ಮುಚ್ಚಿಡುತ್ತಿದ್ದಾರೆ ಅಂತ ನಮ್ಮವರು ತಿಳಿದದ್ದನ್ನು ನೋಡಿದ್ದೇನೆ. ಹಾಗಲ್ಲ. ಹೆಚ್ಚಿನ ಸಲ ಅದರ ಅರ್ಥ ಗೊತ್ತಾಗುತ್ತಿಲ್ಲ ಅಂತ. 'ಮಳೆ ಬರುತ್ತೋ ಇಲ್ವೋ ಹೇಳೋಕಾಗಲ್ಲ' ಅನ್ನುತ್ತೇವಲ್ಲ, ಆ 'ಹೇಳೋಕಾಗಲ್ಲ' ಅದು. ಫೋಟೋ ನೋಡಿ ಕಸ್ಟಮರ್ 'ಐ ಕಾಂಟ್ ಟೆಲ್ ಇಫ್ ಇಟ್ ಈಸ್ ಕ್ರ್ಯಾಕ್ಡ್' ಅಂದರೆ ಇನ್ನೊಂದು ಸ್ಪಷ್ಟ ಫೋಟೋ ಕಳಿಸಿ, ಅಷ್ಟೇ.

'ಅಂತ' ಬಿಟ್ಟುಹೋದಾಗ

ಈಗ ನನ್ನ 140 ಬುಷ್‌ಗಳಿಗೆ ವಾಪಸ್ ಬರುತ್ತೇನೆ. ಮೊದಲ ಪರೀಕ್ಷೆ ಮಾಡಿ 'ಮಿ' ಸೇರಿಸಿದೆವು ಅಂದುಕೊಳ್ಳಿ: 'ಕಸ್ಟಮರ್ ಟೋಲ್ಡ್ ಮಿ ಐ ವಿಲ್ ಸೆಂಡ್ ದ ನ್ಯೂ ಡ್ರಾಯಿಂಗ್.' ವ್ಯಾಕರಣ ಈಗ ಸರಿ. ಅರ್ಥ ಇನ್ನೂ ಪೂರ್ತಿ ಉಲ್ಟಾ. ದೋಷಗಳಲ್ಲೆಲ್ಲ ಇದೇ ಅಪಾಯದ್ದು, ಯಾಕೆಂದರೆ ಸ್ಪೆಲ್‌ಚೆಕ್ ಇದನ್ನು ಹಿಡಿಯುವುದಿಲ್ಲ. ಕೆಂಪು ಗೆರೆ ಬರುವುದಿಲ್ಲ.

ಕನ್ನಡದಲ್ಲಿ ನೋಡಿ: 'ಹೊಸ ಡ್ರಾಯಿಂಗ್ ನಾನೇ ಕಳಿಸ್ತೀನಿ ಅಂತ ಕಸ್ಟಮರ್ ಹೇಳಿದ್ರು.' ಇಲ್ಲಿ 'ನಾನು' ಯಾರು ಅಂತ ಯಾರಿಗೂ ಅನುಮಾನ ಬರುವುದಿಲ್ಲ. 'ಅಂತ' ಅನ್ನುವ ಪುಟ್ಟ ಪದ ಕಸ್ಟಮರ್ ಮಾತಿಗೆ ಬೇಲಿ ಹಾಕುತ್ತದೆ. ಬೇಲಿಯ ಒಳಗಿನ 'ನಾನು' ಕಸ್ಟಮರ್. ಹೊರಗಿದ್ದರೆ ಅದು ಮಾತಾಡುವ ನಾನು. ಇಷ್ಟು ಒಳ್ಳೆಯ ಸಾಧನ ನಮ್ಮ ಭಾಷೆಯಲ್ಲಿದೆ, ಹೀಗಾಗಿ ನಾವು ಸರ್ವನಾಮ ಬದಲಾಯಿಸುವ ಗೋಜಿಗೇ ಹೋಗುವುದಿಲ್ಲ. ಆಡಿದ ಮಾತನ್ನು ಹಾಗೇ ಎತ್ತಿ ಇಡುತ್ತೇವೆ. ಇಂಗ್ಲಿಷಿನ 'ದಟ್' ಅಂಥ ಬೇಲಿ ಅಲ್ಲ. ಅದು ಬರೀ ಬಾಗಿಲು. ದಾಟಿ ಒಳಗೆ ಹೋದರೂ 'ಐ' ಅಂದರೆ ಮೇಲ್ ಬರೆದವನೇ.

ಪರೀಕ್ಷೆ ಹೀಗೆ ಮಾಡಿ. 'ಟೋಲ್ಡ್' ಅಥವಾ 'ಸೆಡ್' ಆದ ಮೇಲೆ ಬರುವ ಪ್ರತಿ 'ಐ', 'ಮೈ', 'ವಿ', 'ಅವರ್' ಮೇಲೆ ಬೆರಳಿಟ್ಟು ಕೇಳಿ: ಇದು ನಾನಾ, ಅವರಾ? ಅವರಾದರೆ 'ಹಿ', 'ಶಿ', 'ದೇ' ಮಾಡಿ. ಇನ್ನೂ ಒಳ್ಳೆಯದು, ಹೆಸರೇ ಬರೆಯಿರಿ. ಎರಡು ಮೂರು ಜನ ಇರುವ ವಾಕ್ಯದಲ್ಲಿ 'ಹಿ' ಕೂಡ ಗೊಂದಲವೇ. 'ದ ಕಸ್ಟಮರ್ ಟೋಲ್ಡ್ ಮಿ ದಟ್ ದೇ ವಿಲ್ ಸೆಂಡ್ ಅಸ್ ಎ ನ್ಯೂ ಡ್ರಾಯಿಂಗ್. ಪ್ಲೀಸ್ ಹೋಲ್ಡ್ ದ ಜಾಬ್.' ನಾನು ಅವತ್ತು ಬರೆಯಬೇಕಾಗಿದ್ದದ್ದು ಇದು. ಯಾರು, ಯಾರಿಗೆ, ಮುಂದೇನು, ಮೂರೂ ಅದರಲ್ಲಿದೆ.

'ಟುಮಾರೊ', 'ಟುಡೇ', 'ಹಿಯರ್' ಮೇಲೂ ಅದೇ ಬೆರಳಿಡಿ. ಸೋಮವಾರ ಅವರು 'ನಾಳೆ ಬರ್ತೀನಿ' ಅಂದದ್ದನ್ನು ನೀವು ಮಂಗಳವಾರ ಬರೆಯುವಾಗ 'ಟುಮಾರೊ' ಅಂತಲೇ ಬಿಟ್ಟರೆ ಓದುವವರು ಬುಧವಾರ ಅಂತ ತಿಳಿಯುತ್ತಾರೆ. ತಾರೀಖು ಹಾಕಿಬಿಡಿ.

ವಾಕ್ಯ ಸರಿ, ಆದರೂ ಎದುರಿನವರಿಗೆ ಬೇಸರ

'ಐ ಟೋಲ್ಡ್ ಮೈ ಮ್ಯಾನೇಜರ್ ಟು ಅಪ್ರೂವ್ ಮೈ ಲೀವ್.' ಪರೀಕ್ಷೆಗಳೆಲ್ಲ ಪಾಸ್. ಆದರೆ ಇದನ್ನು ಓದಿದ ಮ್ಯಾನೇಜರ್‌ಗೆ ಚುಚ್ಚುತ್ತದೆ. 'ಟೆಲ್' ಆದ ಮೇಲೆ ಮನುಷ್ಯ, ಆಮೇಲೆ 'ಟು', ಆಮೇಲೆ ಕೆಲಸ ಬಂದರೆ ಅದು ಅಪ್ಪಣೆ. ಮೇಲಿನವರು ಕೆಳಗಿನವರಿಗೆ, ಅಪ್ಪ ಅಮ್ಮ ಮಕ್ಕಳಿಗೆ, ಡಾಕ್ಟರ್ ಪೇಷೆಂಟ್‌ಗೆ ಹೇಳುವ ಥರ. ಕೋರಿಕೆಗೆ 'ಆಸ್ಕ್' ಬೇಕು. 'ಐ ಆಸ್ಕ್ಡ್ ಮೈ ಮ್ಯಾನೇಜರ್.'

ನಮಗೆ ಇದು ಯಾಕೆ ತಪ್ಪುತ್ತದೆ ಅಂದರೆ, ಕನ್ನಡದಲ್ಲಿ ಗೌರವ ಬೇರೆ ಕಡೆ ಕೂತಿದೆ. 'ಡಾಕ್ಟರಿಗೆ ಒಂದ್ಸಲ ನೋಡೋಕೆ ಹೇಳಿದ್ದೇವೆ, ಅವರು ಬರ್ತಾರೆ.' ಇಲ್ಲಿ 'ಹೇಳಿದ್ದೇವೆ' ಅಪ್ಪಣೆ ಅಲ್ಲವೇ ಅಲ್ಲ. 'ಅವರು', 'ಬರ್ತಾರೆ' ಇವುಗಳಲ್ಲೇ ಮರ್ಯಾದೆ ಸಂದಾಯ ಆಗಿದೆ. ಇಂಗ್ಲಿಷಿನಲ್ಲಿ ಅಂಥ ಬಹುವಚನ ಇಲ್ಲ. ಅಲ್ಲಿ ಮರ್ಯಾದೆ ಇರುವುದು ಯಾವ ಕ್ರಿಯಾಪದ ಆರಿಸಿದಿರಿ ಅನ್ನುವುದರಲ್ಲಿ. ನಮ್ಮ ಮನಸ್ಸಿನಲ್ಲಿ ಗೌರವ ತುಂಬಿದ್ದರೂ ಅದು ದಾಟಿ ಹೋಗಿರುವುದಿಲ್ಲ. ಈ ಒಂದು ಕಾರಣಕ್ಕೆ ಒಳ್ಳೆಯ ಹುಡುಗರು ಒರಟರು ಅನ್ನಿಸಿಕೊಂಡದ್ದನ್ನು ಕಂಡಿದ್ದೇನೆ, ಅದು ನನಗೆ ನಿಜವಾಗಿ ಸಂಕಟ ಕೊಡುತ್ತದೆ.

ಫೋನಿನಲ್ಲೂ ಹೀಗೇ. 'ಹಾಂ, ಹೇಳಿ ಸಾರ್' ಅನ್ನುವುದು ನಮ್ಮಲ್ಲಿ ಅತ್ಯಂತ ಆದರದ ಮಾತು. 'ಹೇಳು' ಅನ್ನದೆ 'ಹೇಳಿ' ಅಂದದ್ದರಲ್ಲೇ ಎಲ್ಲ ಇದೆ. ಅದನ್ನು 'ಯಾ, ಟೆಲ್ ಮಿ' ಅಂದ ಕೂಡಲೇ ಹೊರದೇಶದವರ ಕಿವಿಗೆ 'ಬೇಗ ಹೇಳಿ ಮುಗಿಸು' ಅಂದಂತೆ ಕೇಳಬಹುದು. 'ಹೌ ಕ್ಯಾನ್ ಐ ಹೆಲ್ಪ್?' ಅನ್ನಿ, ಅಥವಾ 'ಯೆಸ್, ಪ್ಲೀಸ್ ಗೋ ಅಹೆಡ್' ಅನ್ನಿ. ನಮ್ಮ ನಮ್ಮಲ್ಲೇ ಆದರೆ ತಿದ್ದಿಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಇಲ್ಲಿ 'ಟೆಲ್ ಮಿ' ಅಂದರೆ ಏನು ಅಂತ ಎಲ್ಲರಿಗೂ ಗೊತ್ತು.

ಉಳಿದ ಸಣ್ಣಪುಟ್ಟವು

'ಐ ಡಿಂಟ್ ಟೋಲ್ಡ್.' 'ಡಿಡ್' ಬಂದ ಮೇಲೆ ಭೂತಕಾಲದ ಕೆಲಸ ಅದರದ್ದು, 'ಟೆಲ್' ಮೂಲ ರೂಪದಲ್ಲೇ ಇರಬೇಕು. ಇಲ್ಲಿ ಕನ್ನಡ ನಮ್ಮ ಸಹಾಯಕ್ಕೆ ಬರುತ್ತದೆ. 'ಹೇಳಲಿಲ್ಲ' ಅನ್ನುತ್ತೇವೆ, 'ಹೇಳಿದಲಿಲ್ಲ' ಅನ್ನುವುದಿಲ್ಲ. ಅದೇ ಲೆಕ್ಕ: 'ಡಿಂಟ್ ಟೆಲ್'.

'ಟೆಲ್ ಮಿ ವೇರ್ ಈಸ್ ದ ಸ್ಟೋರ್ ರೂಮ್.' ಪ್ರಶ್ನೆ 'ಟೆಲ್ ಮಿ' ಒಳಗೆ ಸೇರಿದಾಗ 'ಈಸ್' ಕೊನೆಗೆ ಹೋಗಬೇಕು: 'ವೇರ್ ದ ಸ್ಟೋರ್ ರೂಮ್ ಈಸ್'. 'ಸ್ಟೋರ್ ರೂಮ್ ಎಲ್ಲಿ ಇದೆ ಹೇಳಿ' ಅನ್ನುವಾಗ ನಮ್ಮ 'ಇದೆ' ಕೂಡ ರೂಮ್ ಆದ ಮೇಲೆಯೇ ಬರುತ್ತದೆ.

'ಟೆಲ್ ಆನ್' ಕಂಡರೆ ಮನುಷ್ಯನೋ ಆರೋಗ್ಯವೋ ನೋಡಿ. 'ಹಿ ಟೋಲ್ಡ್ ಆನ್ ಮಿ' ಅಂದರೆ ನನ್ನ ಮೇಲೆ ಚಾಡಿ ಹೇಳಿದ. 'ನೈಟ್ ಶಿಫ್ಟ್ ಈಸ್ ಟೆಲಿಂಗ್ ಆನ್ ಹಿಸ್ ಹೆಲ್ತ್' ಅಂದರೆ ರಾತ್ರಿ ಪಾಳಿ ಅವನ ಮೈಮೇಲೆ ಕಾಣುತ್ತಿದೆ.

ಒಂದು ಮೇಲ್, ಶುರುವಿನಿಂದ ಕೊನೆತನಕ

ಹೋದ ತಿಂಗಳು ನಮ್ಮ ಡಿಸ್ಪ್ಯಾಚ್‌ನಲ್ಲಿ ಹೊಸದಾಗಿ ಸೇರಿದ ಹುಡುಗಿ ಕಳಿಸುವ ಮುಂಚೆ ನನಗೆ ಒಂದು ಡ್ರಾಫ್ಟ್ ತೋರಿಸಿದಳು. ಪುಣೆಯಲ್ಲಿರುವ ನಮ್ಮ ಸೇಲ್ಸ್‌ನವರಿಗೆ ಹೋಗಬೇಕಾದ ಮೇಲ್.

'ಡ್ರೈವರ್ ಟೋಲ್ಡ್ ಟು ಮಿ ಐ ಆಮ್ ಸ್ಟಕ್ ನಿಯರ್ ದಾವಣಗೆರೆ. ಐ ಟೋಲ್ಡ್ ಕಸ್ಟಮರ್ ಟು ವೇಟ್. ಟೋಲ್ಡ್ ಸಾರಿ ಆಲ್ಸೊ.'

ಇಬ್ಬರೂ ಒಂದೇ ಸ್ಕ್ರೀನ್ ಮುಂದೆ ಕೂತೆವು. ಮೊದಲ 'ಟೋಲ್ಡ್' ಪಕ್ಕ ಯಾರು? 'ಮಿ' ಇದೆ, ನಡುವೆ 'ಟು' ಸಿಕ್ಕಿಕೊಂಡಿದೆ. ತೆಗೆದಳು. ಮುಂದಿನ 'ಐ' ಮೇಲೆ ಬೆರಳಿಟ್ಟು ಅವಳೇ ನಿಂತಳು. 'ದಾವಣಗೆರೇಲಿ ಸಿಕ್ಕಿಹಾಕ್ಕೊಂಡಿರೋದು ನಾನಲ್ಲ ಸಾರ್, ಡ್ರೈವರ್' ಅಂದಳು. 'ಹಿ' ಅಂತ ಹಾಕಲು ಹೋಗಿ, ತಾನೇ ಯೋಚಿಸಿ 'ದ ವೆಹಿಕಲ್' ಅಂತ ಬರೆದಳು. ಪುಣೆಯವರಿಗೆ ಬೇಕಾಗಿರುವುದು ಗಾಡಿಯ ಸುದ್ದಿ ತಾನೇ, ಅದು ನನಗೂ ಹೊಳೆದಿರಲಿಲ್ಲ. ಎರಡನೆಯ 'ಟೋಲ್ಡ್' ವ್ಯಾಕರಣದಲ್ಲಿ ಸರಿ. ಆದರೆ ಕಸ್ಟಮರ್‌ಗೆ ಕಾಯಲು ನಾವು ಅಪ್ಪಣೆ ಕೊಡುತ್ತೇವಾ? 'ಆಸ್ಕ್ಡ್' ಆಯಿತು. ಎಲ್ಲಿಯ ತನಕ ಕಾಯಬೇಕು ಅನ್ನುವುದೂ ಸೇರಿತು. ಮೂರನೆಯದು 'ಸೆಡ್' ಆಯಿತು.

'ದ ಡ್ರೈವರ್ ಟೋಲ್ಡ್ ಮಿ ದಟ್ ದ ವೆಹಿಕಲ್ ಈಸ್ ಸ್ಟಕ್ ನಿಯರ್ ದಾವಣಗೆರೆ. ಐ ಹ್ಯಾವ್ ಆಸ್ಕ್ಡ್ ದ ಕಸ್ಟಮರ್ ಟು ವೇಟ್ ಟಿಲ್ ಫ್ರೈಡೇ ಮಾರ್ನಿಂಗ್ ಅಂಡ್ ಸೆಡ್ ಸಾರಿ ಫಾರ್ ದ ಡಿಲೇ.'

ಕಳಿಸಿ ಟೀ ಕುಡಿದು ಬರುವಷ್ಟರಲ್ಲಿ ಪುಣೆಯಿಂದ ಉತ್ತರ ಬಂದಿತ್ತು. 'ವಿಲ್ ಟೆಲ್ ದ ಗೇಟ್. ವೆಹಿಕಲ್ ನಂಬರ್ ಪ್ಲೀಸ್.' ಅವಳು ಚೀಟಿ ನೋಡಿಕೊಂಡು ನಂಬರ್ ಟೈಪ್ ಮಾಡಿದಳು.